ಬಿಲ್ಲಿನಲ್ಲಿ ಎಂಟು ಜಿಬಿ, ಪರದೆಯ ಮೇಲೆ ಮೂರೂಕಾಲು: ಮನೆಯ ಕಂಪ್ಯೂಟರಿನ ದೋಷವನ್ನು ಕಮಾಂಡ್ ಕೊಟ್ಟು ಹುಡುಕುವ ಕೈಪಿಡಿ

ಬೆಟಗೇರಿಯಿಂದ ಅಕ್ಕ ಫೋನು ಮಾಡಿದ್ದಳು. ಮಗನ ಓದಿಗೆಂದು ಹಳೆಯ ಡೆಸ್ಕ್‌ಟಾಪ್ ಒಂದನ್ನು ಕೊಂಡಿದ್ದರು. “ತಮ್ಮಾ, ಎಂಟು ಜಿಬಿ ರ‍್ಯಾಮ್ ಎಂದು ಹೇಳಿ ರೊಕ್ಕ ಎಣಿಸಿಕೊಂಡಿದ್ದಾರೆ. ಇದು ನೋಡಿದರೆ ಮೂರೂಕಾಲು ತೋರಿಸುತ್ತಿದೆ. ಕೇಳಿದರೆ ಮದರ್‌ಬೋರ್ಡ್ ಹೋಗಿರಬೇಕು, ಬದಲಿಸಬೇಕು ಎನ್ನುತ್ತಾರೆ” ಎಂದಳು. ಬೋರ್ಡ್ ಹೋಗಿರಲಿಲ್ಲ. ರ‍್ಯಾಮಿನಲ್ಲಿ ಮೋಸವೂ ಆಗಿರಲಿಲ್ಲ. ಎರಡು ಸಾಲು ಟೈಪ್ ಮಾಡಿಸಿದ ಮೇಲೆ ನಿಜ ಸಂಗತಿ ಹೊರಬಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಾನು ಅಂಗಡಿ ಇಟ್ಟವನಲ್ಲ. ನೆಂಟರ, ನೆರೆಯವರ ಯಂತ್ರಗಳನ್ನು ಧಾರವಾಡದಲ್ಲಿ ಕುಳಿತು ಫೋನಿನಲ್ಲೇ ನೋಡಿಕೊಡುವ ಅಭ್ಯಾಸ ಬಹಳ ವರ್ಷಗಳಿಂದ ಇದೆ. ಅದರಿಂದ ಕಲಿತದ್ದು ಇಷ್ಟು: ಬಿಲ್ಲು ಒಂದು ಹೇಳುತ್ತದೆ, ಪೆಟ್ಟಿಗೆಯ ಮೇಲಿನ ಸ್ಟಿಕರ್ ಇನ್ನೊಂದು ಹೇಳುತ್ತದೆ, ಒಳಗಿರುವುದು ಮತ್ತೊಂದೇ ಆಗಿರುತ್ತದೆ. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಯಂತ್ರವನ್ನೇ ಕೇಳಬೇಕು. ಅದು ಎಲ್ಲಿ ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿರಬೇಕು.

ಶುರು ಮಾಡುವ ಮುನ್ನ

ವಿಂಡೋಸಿನಲ್ಲಿ ವಿಂಡೋಸ್ ಕೀಲಿಯ ಜೊತೆ ‘ಆರ್’ ಒತ್ತಿ, ‘ಸಿಎಂಡಿ’ ಎಂದು ಬರೆದು ಎಂಟರ್ ಕೊಟ್ಟರೆ ಕಪ್ಪು ಕಿಟಕಿ ತೆರೆಯುತ್ತದೆ. ಪವರ್‌ಶೆಲ್ ಬೇಕಾದ ಕಡೆ ‘ಸಿಎಂಡಿ’ ಬದಲು ‘ಪವರ್‌ಶೆಲ್’ ಎಂದೇ ಬರೆಯಿರಿ. ವಿಂಡೋಸಿನ ಬದಲು ಲಿನಕ್ಸ್, ಅಂದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್, ಇದ್ದರೆ ಕಂಟ್ರೋಲ್, ಆಲ್ಟ್, ‘ಟಿ’ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ ಏಳುವುದೇ ಇಲ್ಲ ಎಂದಾದರೆ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಏಳಿಸಬಹುದು. ಆಗ ‘ಟ್ರೈ’ ಎಂಬುದನ್ನು ಆರಿಸಿಕೊಳ್ಳಿ. ‘ಇನ್‌ಸ್ಟಾಲ್’ ಎಂಬುದರ ಹತ್ತಿರವೂ ಹೋಗಬೇಡಿ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಅಕ್ಷರದ ಹೆಸರು ಇದ್ದಲ್ಲಿ ಆ ಇಂಗ್ಲಿಷ್ ಅಕ್ಷರ, ಪದ ಇದ್ದಲ್ಲಿ ಆ ಪದ. ಎಲ್ಲವೂ ಸಣ್ಣಕ್ಷರದಲ್ಲಿ. ಇಲ್ಲಿ ಜಾಗ ಬಿಟ್ಟಿರುವ ಕಡೆ ನೀವೂ ಜಾಗ ಬಿಡಿ, ಅಡ್ಡಗೆರೆ ಇದ್ದಲ್ಲಿ ಅಡ್ಡಗೆರೆ ಹಾಕಿ. ಅಕ್ಕನಿಗೆ ನಾನು ‘ಸ್ಪೇಸ್’ ಎಂದು ಹೇಳಿದಾಗಲೆಲ್ಲ ಅವಳು ಆ ಪದವನ್ನೇ ಟೈಪ್ ಮಾಡಿದ್ದಳು. ಹತ್ತು ನಿಮಿಷ ನಾನು ಯಂತ್ರವನ್ನೇ ಬೈಯುತ್ತಿದ್ದೆ.

ಲಿನಕ್ಸಿನಲ್ಲಿ ಕೆಲವು ಕಮಾಂಡ್‌ಗಳ ಮುಂದೆ ‘ಸುಡೋ’ ಬರುತ್ತದೆ. ಎಸ್, ಯು, ಡಿ, ಓ. ಅದು ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಕೆಲವು ಯಂತ್ರಗಳಲ್ಲಿ ಚುಕ್ಕೆಯೂ ಕಾಣುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದುಕೊಳ್ಳದೆ ಬರೆದು ಮುಗಿಸಿ ಎಂಟರ್ ಒತ್ತಿ.

ಎರಡು ಎಚ್ಚರಿಕೆ. ಈ ಬರಹದ ಕಮಾಂಡ್‌ಗಳು ಬಹುಮಟ್ಟಿಗೆ ಓದುವಂಥವು, ಬದಲಿಸುವಂಥವಲ್ಲ. ಹೊರತಾದ ಕಡೆ ಅಲ್ಲಲ್ಲೇ ಹೇಳಿದ್ದೇನೆ. ಆದರೆ ಹುಡುಕುವಾಗ ಬೇರೆಲ್ಲಾದರೂ ‘ಡಿಡಿ’, ‘ಎಂಕೆಎಫ್‌ಎಸ್’, ‘ಡಿಸ್ಕ್‌ಪಾರ್ಟ್’ ಎಂಬ ಹೆಸರು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಒಂದು ಅಕ್ಷರ ತಪ್ಪಿದರೆ ಡಿಸ್ಕಿನಲ್ಲಿದ್ದ ಮದುವೆಯ ಫೋಟೋಗಳು ಹೋಗುತ್ತವೆ. ಇನ್ನೊಂದು, ಕಮಾಂಡ್ ಕೊಟ್ಟ ಉತ್ತರದಲ್ಲಿ ಯಂತ್ರದ ಸೀರಿಯಲ್ ನಂಬರು, ನೆಟ್‌ವರ್ಕ್ ಕಾರ್ಡಿನ ವಿಳಾಸ ಇರುತ್ತವೆ. ಗುರುತಿಲ್ಲದವರಿಗೆ ಕಳುಹಿಸುವಾಗ ಅವನ್ನು ಅಳಿಸಿ ಕಳುಹಿಸಿ.

“ರ‍್ಯಾಮ್ ಹೇಳಿದ್ದಕ್ಕಿಂತ ಕಡಿಮೆ ತೋರಿಸುತ್ತಿದೆ”

ಹೆಚ್ಚಿನ ಫೋನು ಬರುವುದೇ ಇದಕ್ಕೆ. ಮೊದಲು ಯಂತ್ರ ಎಷ್ಟು ಬಳಸುತ್ತಿದೆ ಎಂದು ನೋಡಿ. ಲಿನಕ್ಸಿನಲ್ಲಿ ‘ಫ್ರೀ -ಎಚ್’. ವಿಂಡೋಸಿನಲ್ಲಿ ‘ಸಿಸ್ಟಮ್‌ಇನ್ಫೋ’, ಅದರಲ್ಲಿ ‘ಟೋಟಲ್ ಫಿಸಿಕಲ್ ಮೆಮೊರಿ’ ಎಂಬ ಸಾಲು.

ಎಂಟಕ್ಕೆ 7.6, ನಾಲ್ಕಕ್ಕೆ 3.7 ಹೀಗೆ ಬಂದರೆ ಏನೂ ಕೆಟ್ಟಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಚಿತ್ರಕ್ಕೂ ಇದೇ ರ‍್ಯಾಮಿನಿಂದ ಪಾಲು ಹೋಗುತ್ತದೆ. ಇಷ್ಟಕ್ಕೆ ಅಂಗಡಿಗೆ ಹೋಗಿ ಜಗಳ ಮಾಡಬೇಡಿ.

ಅರ್ಧಕ್ಕಿಂತ ಕಡಿಮೆ ಬಂದರೆ ಎರಡನೆಯ ಪ್ರಶ್ನೆ ಕೇಳಬೇಕು: ಬಳಸುತ್ತಿರುವುದು ಎಷ್ಟಾದರೂ ಇರಲಿ, ಬೋರ್ಡಿನ ಮೇಲೆ ಕುಳಿತಿರುವುದು ಎಷ್ಟು? ಲಿನಕ್ಸಿನಲ್ಲಿ ‘ಸುಡೋ ಡಿಎಂಐಡಿಕೋಡ್ -ಟಿ ಮೆಮೊರಿ’. ವಿಂಡೋಸಿನ ಪವರ್‌ಶೆಲ್‌ನಲ್ಲಿ ‘ಗೆಟ್-ಸಿಐಎಂಇನ್‌ಸ್ಟನ್ಸ್ ವಿನ್32_ಫಿಸಿಕಲ್‌ಮೆಮೊರಿ’. ಹಳೆಯ ಲೇಖನಗಳಲ್ಲಿ ಇದಕ್ಕೆ ‘ಡಬ್ಲ್ಯುಎಂಐಸಿ’ ಎಂಬ ಕಮಾಂಡ್ ಹೇಳಿರುತ್ತಾರೆ. ಹೊಸ ವಿಂಡೋಸ್ 11ರಲ್ಲಿ ಅದು ಮೊದಲಿನಿಂದ ಇರುವುದಿಲ್ಲ. ಅದು ಓಡದಿದ್ದರೆ ನಿಮ್ಮ ತಪ್ಪಲ್ಲ.

ಅಕ್ಕ ಆ ದಿನ ಫೋನಿನಲ್ಲಿ ‘ಕೆಪಾಸಿಟಿ’ ಸಾಲಿನ ಒಂದೊಂದೇ ಅಂಕಿ ಓದಿದಳು: ನಾಲ್ಕು, ಎರಡು, ಒಂಬತ್ತು, ನಾಲ್ಕು, ಒಂಬತ್ತು, ಆರು, ಏಳು, ಎರಡು, ಒಂಬತ್ತು, ಆರು. “ಅದೇ ಸಂಖ್ಯೆ ಕೆಳಗೆ ಇನ್ನೊಮ್ಮೆ ಇದೆಯಲ್ಲ” ಎಂದಳು. 4294967296 ಬೈಟ್ ಎಂದರೆ ಸರಿಯಾಗಿ ನಾಲ್ಕು ಜಿಬಿ. ಎರಡು ಬಾರಿ ಬಂದಿದೆ, ಅಂದರೆ ಬೋರ್ಡಿನ ಗೂಡುಗಳಲ್ಲಿ ಸಿಕ್ಕಿಸುವ ರ‍್ಯಾಮ್ ಪಟ್ಟಿಗಳು ಎರಡಿವೆ, ಎಂಟೂ ಜಿಬಿ ಒಳಗೇ ಕುಳಿತಿದೆ. ಕೊಟ್ಟವನು ಸುಳ್ಳು ಹೇಳಿರಲಿಲ್ಲ. ಆಮೇಲೆ ‘ಸಿಸ್ಟಮ್‌ಇನ್ಫೋ’ದಲ್ಲಿ ‘ಸಿಸ್ಟಮ್ ಟೈಪ್’ ಸಾಲು ಓದಿಸಿದೆ. ‘ಎಕ್ಸ್86’ ಎಂದಿತ್ತು. ಯಾರೋ 32 ಬಿಟ್ಟಿನ ವಿಂಡೋಸ್ ಹಾಕಿಟ್ಟಿದ್ದರು. ಮನೆಬಳಕೆಯ 32 ಬಿಟ್ ವಿಂಡೋಸಿಗೆ ನಾಲ್ಕು ಜಿಬಿಯಾಚೆ ಕಣ್ಣು ಕಾಣುವುದಿಲ್ಲ. ಆ ನಾಲ್ಕರಲ್ಲೂ ಒಂದಷ್ಟು ವಿಳಾಸಗಳು ಬೇರೆ ಬಿಡಿಭಾಗಗಳಿಗೆ ಮೀಸಲು. ಉಳಿದದ್ದೇ ಆ ಮೂರೂಕಾಲು. 64 ಬಿಟ್ಟಿನದನ್ನು ಹೊಸದಾಗಿ ಹಾಕಿದೆವು, ಎಂಟೂ ಕಾಣಿಸಿತು. ಮದರ್‌ಬೋರ್ಡಿನ ರೊಕ್ಕ ಉಳಿಯಿತು. ಲಿನಕ್ಸಿನಲ್ಲಿ ಇದನ್ನೇ ನೋಡಲು ‘ಯುನೇಮ್ -ಎಂ’. ಉತ್ತರದ ಕೊನೆಯಲ್ಲಿ 64 ಇದ್ದರೆ ಸರಿ, ‘ಐ686’ ಎಂದು ಬಂದರೆ ಅಕ್ಕನ ಕಥೆಯೇ.

ಪಟ್ಟಿ ಒಂದೇ ಕಂಡು, ಇನ್ನೊಂದರ ಜಾಗದಲ್ಲಿ ‘ನೋ ಮಾಡ್ಯೂಲ್ ಇನ್‌ಸ್ಟಾಲ್ಡ್’ ಎಂದು ಬಂದರೆ ಮೂರು ಸಾಧ್ಯತೆಗಳಿವೆ: ಪಟ್ಟಿ ಇಲ್ಲವೇ ಇಲ್ಲ, ಸರಿಯಾಗಿ ಕುಳಿತಿಲ್ಲ, ಅಥವಾ ಸತ್ತಿದೆ. ಈಗ ಪೆಟ್ಟಿಗೆ ತೆರೆಯಬಹುದು. ಯಂತ್ರ ಆರಿಸಿ, ತಂತಿಯನ್ನು ಗೋಡೆಯಿಂದಲೇ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಇಳಿಯುತ್ತದೆ. ಪೆಟ್ಟಿಗೆಯ ಬರಿ ಲೋಹವನ್ನು ಮುಟ್ಟಿದ ನಂತರವೇ ರ‍್ಯಾಮ್ ಮುಟ್ಟಿ. ಮೈಮೇಲಿನ ಸ್ಥಾಯಿ ವಿದ್ಯುತ್ತು ನಮಗೆ ತಿಳಿಯದಷ್ಟು ಸಣ್ಣದಿದ್ದರೂ ಚಿಪ್ಪಿಗೆ ಸಾಕು. ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ. ಧಾರವಾಡದ ಮಳೆಗಾಲದ ತೇವಕ್ಕೆ ಈ ಅಂಚು ಮಬ್ಬಾಗುತ್ತದೆ. ಎರಡೂ ತುದಿಯಲ್ಲಿ ಟಕ್ ಎನ್ನುವ ತನಕ ಒತ್ತಿ ಕೂರಿಸಿ. ಸಂಶಯವಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಒಂದೇ ಪಟ್ಟಿಯನ್ನು ಎರಡೂ ಗೂಡಿನಲ್ಲಿ ಹಾಕಿದಾಗ ಒಂದರಲ್ಲಿ ಮಾತ್ರ ಓಡಿದರೆ ದೋಷ ಗೂಡಿನದು. ಅಲ್ಲಿಗೆ ನಿಲ್ಲಿಸಿ, ಅದು ಬೋರ್ಡ್ ರಿಪೇರಿಯವರ ಕೆಲಸ.

ಹೊಸ ಪಟ್ಟಿ ಕೊಳ್ಳುವುದಿದ್ದರೆ ಅದೇ ‘ಡಿಎಂಐಡಿಕೋಡ್’ ಉತ್ತರದಲ್ಲಿ ‘ಟೈಪ್’ ಸಾಲು ಬರೆದುಕೊಳ್ಳಿ. ಡಿಡಿಆರ್3 ಇದ್ದಲ್ಲಿ ಡಿಡಿಆರ್4 ಕೂರುವುದಿಲ್ಲ. ಕಚ್ಚಿನ ಜಾಗ ಬೇರೆ, ಕಾಲುಗಳೂ 240ಕ್ಕೆ 288. ಬಲವಂತ ಮಾಡಿದರೆ ಗೂಡು ಮುರಿಯುತ್ತದೆ.

“ಏಳುವುದಕ್ಕೇ ಐದು ನಿಮಿಷ, ಏನು ಮಾಡಿದರೂ ನಿಧಾನ”

ನಿಧಾನಕ್ಕೆ ಎಲ್ಲರೂ ವೈರಸ್ಸನ್ನೇ ದೂರುತ್ತಾರೆ. ನಾನು ಮೊದಲು ಡಿಸ್ಕನ್ನು ಕೇಳುತ್ತೇನೆ. ಲಿನಕ್ಸಿನಲ್ಲಿ ‘ಎಲ್‌ಎಸ್‌ಬಿಎಲ್‌ಕೆ -ಡಿ -ಓ ನೇಮ್,ರೋಟಾ,ಸೈಜ್,ಮಾಡೆಲ್’. ನಡುವಿನ ಅಲ್ಪವಿರಾಮಗಳ ಪಕ್ಕದಲ್ಲಿ ಜಾಗ ಬೇಡ. ‘ರೋಟಾ’ ಎಂಬ ಕಂಬದಲ್ಲಿ 1 ಇದ್ದರೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್, 0 ಇದ್ದರೆ ಚಿಪ್ಪಿನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿ. ಯುಎಸ್‌ಬಿಯಲ್ಲಿ ಚುಚ್ಚಿದ ಡಿಸ್ಕುಗಳ ವಿಷಯದಲ್ಲಿ ಈ ಕಂಬವನ್ನು ನಂಬಬೇಡಿ, ಒಳಗಿನವುಗಳಿಗೆ ಮಾತ್ರ. ವಿಂಡೋಸಿನಲ್ಲಾದರೆ ಪವರ್‌ಶೆಲ್‌ನ ‘ಗೆಟ್-ಫಿಸಿಕಲ್‌ಡಿಸ್ಕ್’, ‘ಮೀಡಿಯಾಟೈಪ್’ ಕಂಬ. ತಿರುಗುವ ಡಿಸ್ಕ್ ಇದ್ದು ವಿಂಡೋಸ್ 10 ಅಥವಾ 11 ಓಡುತ್ತಿದ್ದರೆ ಅದೇ ನಿಧಾನದ ಕಾರಣ. ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಬೇರೆಯದೇ ಆಗಿ ಕಾಣುತ್ತದೆ. ರ‍್ಯಾಮಿಗೆ ಸುರಿಯುವ ಹಣವನ್ನು ಮೊದಲು ಇಲ್ಲಿ ಹಾಕಿ.

ಅಂದಹಾಗೆ 500 ಜಿಬಿ ಡಿಸ್ಕ್ 465 ಎಂದು, ಒಂದು ಟಿಬಿ 931 ಎಂದು ಕಾಣಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಯಂತ್ರ 1024ರ ಲೆಕ್ಕದಲ್ಲಿ. ಕಳವಲ್ಲ.

ನಂತರ ಪ್ರೊಸೆಸರ್. ಲಿನಕ್ಸಿನಲ್ಲಿ ‘ಎಲ್‌ಎಸ್‌ಸಿಪಿಯು’ ಕೊಟ್ಟರೆ ‘ಮಾಡೆಲ್ ನೇಮ್’ ಸಾಲಿನಲ್ಲಿ ಪೂರ್ತಿ ಹೆಸರು ಬರುತ್ತದೆ. ಹಳೆಯ ಯಂತ್ರ ಮಾರುವವರು “ಐ5 ಇದೆ ನೋಡಿ” ಎನ್ನುತ್ತಾರೆಯೇ ಹೊರತು ಎಷ್ಟನೆಯ ತಲೆಮಾರು ಎಂದು ಹೇಳುವುದಿಲ್ಲ. ಐ5-3470 ಎಂದಿದ್ದರೆ ಆ ಮೊದಲ 3 ಮೂರನೆಯ ತಲೆಮಾರು ಎಂದು ಸೂಚಿಸುತ್ತದೆ. 2012ರ ಸರಕು ಅದು. ಐ5-8400 ಆದರೆ ಎಂಟನೆಯದು. ಎರಡೂ ಐ5, ಬೆಲೆ ಒಂದೇ ಆಗಬಾರದು.

ಮೊದಲು ಚುರುಕಾಗಿದ್ದು, ಅರ್ಧ ಗಂಟೆ ಕಳೆದ ಮೇಲೆ ಮಂದವಾಗುತ್ತದೆ ಎಂದಾದರೆ ಅದು ಬೇರೆ ರೋಗ: ಬಿಸಿ. ಲಿನಕ್ಸಿನಲ್ಲಿ ‘ಸೆನ್ಸರ್ಸ್’ ಎಂದು ಕೊಡಿ. ಇರದಿದ್ದರೆ ‘ಎಲ್‌ಎಂ-ಸೆನ್ಸರ್ಸ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಬೇಕು. ವಿಂಡೋಸಿನಲ್ಲಿ ಇದಕ್ಕೆ ನಂಬುವಂಥ ಸಿದ್ಧ ಕಮಾಂಡ್ ಇಲ್ಲ. ಬಯಾಸ್ ಪುಟದಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ, ಬೋರ್ಡಿನದೇ ಸೆಟ್ಟಿಂಗ್ ಪುಟ) ನೋಡುವುದು ವಾಸಿ. ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇರುವಾಗ ಸುಮ್ಮನೆ ಕುಳಿತ ಪ್ರೊಸೆಸರ್ 50ರ ಆಸುಪಾಸು ಇದ್ದರೆ ಗಾಬರಿ ಬೇಡ. ಏನೂ ಕೆಲಸವಿಲ್ಲದೆ 75–80, ಕೆಲಸ ಕೊಟ್ಟ ಕೂಡಲೇ 95 ದಾಟಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ‘ಸುಡೋ ಡಿಮೆಸ್ಗ್’ (ಡಿ, ಎಂ, ಇ, ಎಸ್, ಜಿ) ಕೊಟ್ಟು ಉತ್ತರದಲ್ಲಿ ‘ಥ್ರಾಟಲ್ಡ್’ ಎಂಬ ಪದ ಹುಡುಕಿ. ಸಿಕ್ಕಿದರೆ ಖಾತರಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದವರ ಮನೆಯ ಯಂತ್ರ ಹೀಗೇ ಆಗಿತ್ತು. ಮುಂದಿನ ಕೋಣೆಯಲ್ಲಿ ಚೀಲಗಳು, ಮೂಲೆಯಲ್ಲಿ ಕಂಪ್ಯೂಟರ್. ‘ಸೆನ್ಸರ್ಸ್’ 97 ಎಂದಿತ್ತು. ಪಕ್ಕದ ತಗಡು ಬಿಚ್ಚಿದರೆ ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಕೆಂಪು ಧೂಳು ಕಂಬಳಿಯಂತೆ ಹೆಣೆದುಕೊಂಡು ಕುಳಿತಿತ್ತು. ನಾನು ಜಾಣತನದಿಂದ ಉಫ್ ಎಂದು ಊದಿದೆ. ಮುಂದಿನ ಕಾಲು ಗಂಟೆ ಮನೆಯವರೆಲ್ಲ ಸೀನುತ್ತ ಅಂಗಳದಲ್ಲಿದ್ದೆವು. ಆದ್ದರಿಂದ ಹೇಳುತ್ತೇನೆ: ಯಂತ್ರವನ್ನು ಹೊರಗೆ ತನ್ನಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಒಣ ಬ್ರಷ್ ಬಳಸಿ, ಒದ್ದೆ ಬಟ್ಟೆ ಬೇಡ. ಗಾಳಿ ಹೊಡೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಅದು ಗಿರಗಿರ ತಿರುಗಿದರೆ ಬೇರಿಂಗು ಹಾಳಾಗುತ್ತದೆ. ಆ ಹಲ್ಲುಗಳಿರುವ ಹೀಟ್‌ಸಿಂಕನ್ನು ಕಿತ್ತರೆ ಬಿಸಿ ದಾಟಿಸುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚದೆ ಮರಳಿ ಕೂರಿಸಬಾರದು. ಆ ಪೇಸ್ಟ್ ಇಲ್ಲದಿದ್ದರೆ ಕೀಳುವುದೇ ಬೇಡ.

“ಡಿಸ್ಕಿನಿಂದ ಟಿಕ್ ಟಿಕ್ ಸದ್ದು, ಫೈಲ್ ತೆರೆಯುವಾಗ ನಿಂತುಬಿಡುತ್ತದೆ”

ಇಲ್ಲಿ ಅವಸರ ಬೇಡ, ತಡವೂ ಬೇಡ. ಸದ್ದು ಗಡಿಯಾರದಂತೆ ತಾಳಬದ್ಧವಾಗಿ ಬರುತ್ತಿದ್ದು ಡಿಸ್ಕ್ ಕಾಣಿಸಿಕೊಳ್ಳುವುದೇ ಇಲ್ಲವಾದರೆ ಒಂದು ಕಮಾಂಡನ್ನೂ ಕೊಡಬೇಡಿ. ಆರಿಸಿ ಇಡಿ. ಒಳಗಿನ ತಲೆ ತಟ್ಟೆಯನ್ನು ಗೀರುತ್ತಿರಬಹುದು. ಪ್ರತಿ ಬಾರಿ ಚಾಲೂ ಮಾಡಿದಾಗಲೂ ಉಳಿದದ್ದರಲ್ಲಿ ಒಂದಿಷ್ಟು ಹೋಗುತ್ತದೆ. ಒಳಗಿನದು ಬೇಕೇ ಬೇಕು ಎಂದಾದರೆ ಡೇಟಾ ಮರಳಿ ತೆಗೆಯುವವರ ಬಳಿ ಹೋಗಿ. ಡಿಸ್ಕನ್ನು ಫ್ರಿಜ್ಜಿನಲ್ಲಿಡುವ ಉಪಾಯವನ್ನು ಇನ್ನೂ ಕೆಲವರು ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ.

ಡಿಸ್ಕ್ ಕಾಣುತ್ತಿದೆ, ಅಲ್ಲಲ್ಲಿ ತಡೆಯುತ್ತದೆ ಎಂದಾದರೆ ಮೊದಲು ಮುಖ್ಯ ಫೈಲುಗಳನ್ನು ಬೇರೆಡೆ ನಕಲಿಸಿ, ಆಮೇಲೆ ಪರೀಕ್ಷೆ. ಈ ಕ್ರಮ ತಪ್ಪಬಾರದು. ವಿಂಡೋಸಿನ ‘ಚೆಕ್‌ಡಿಸ್ಕ್’ ಓಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಸಾಯುತ್ತಿರುವ ಡಿಸ್ಕಿಗೆ ಅದು ಭಾರವಾಗುತ್ತದೆ. ನಕಲು ಕೈಗೆ ಬರುವ ತನಕ ಅದನ್ನು ಮುಟ್ಟಬೇಡಿ.

ನಕಲಾದ ಮೇಲೆ ಲಿನಕ್ಸಿನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ಡಿಸ್ಕಿನ ಹೆಸರು ತಿಳಿದುಕೊಳ್ಳಿ. ಅದು ‘ಎಸ್‌ಡಿಎ’ ಆಗಿದ್ದರೆ ‘ಸುಡೋ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ’. ಇದು ‘ಸ್ಮಾರ್ಟ್‌ಮಾನ್‌ಟೂಲ್ಸ್’ ಪ್ಯಾಕೇಜಿನಲ್ಲಿ ಬರುತ್ತದೆ. ಮೇಲೆಯೇ ‘ಪಾಸ್ಡ್’ ಎಂದು ಕಾಣುತ್ತದೆ. ಅದನ್ನು ನೋಡಿ ನಿಟ್ಟುಸಿರು ಬಿಡಬೇಡಿ. ‘ಪಾಸ್ಡ್’ ಎನ್ನುತ್ತಲೇ ಸತ್ತ ಡಿಸ್ಕುಗಳನ್ನು ನಾನು ನೋಡಿದ್ದೇನೆ. ಕೆಳಗಿನ ಪಟ್ಟಿಯಲ್ಲಿ ಎಡಗಡೆಯ ಕ್ರಮಸಂಖ್ಯೆ ಮತ್ತು ಬಲತುದಿಯ ಸಂಖ್ಯೆ ಇವೆರಡೇ ನಮಗೆ ಬೇಕು.

5ನೆಯ ಸಾಲು ಕೆಟ್ಟ ಜಾಗಗಳಿಗೆ ಬದಲಿ ಜಾಗ ಕೊಟ್ಟ ಲೆಕ್ಕ. ಸೊನ್ನೆ ಇದ್ದರೆ ಒಳ್ಳೆಯದು. ನಾಲ್ಕೈದು ಇದ್ದು ವರ್ಷಗಟ್ಟಲೆ ಅಷ್ಟೇ ಇದ್ದರೆ ಬದುಕಬಹುದು, ವಾರವಾರ ಏರುತ್ತಿದ್ದರೆ ಬದಲಿಸಿ. 197 ಮತ್ತು 198 ಓದಲು ಬಾರದ ಜಾಗಗಳು. ಇಲ್ಲಿ ಸೊನ್ನೆಗಿಂತ ಹೆಚ್ಚು ಇದ್ದರೆ ಆ ಡಿಸ್ಕಿನಲ್ಲಿ ಹೊಸದಾಗಿ ಏನನ್ನೂ ಇಡಬೇಡಿ. 9ನೆಯದು ಡಿಸ್ಕ್ ಓಡಿದ ಗಂಟೆಗಳು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ “ಹೊಸದೇ ಸರ್, ಕವರ್ ಮಾತ್ರ ಹರಿದಿದೆ” ಎಂದು ಕೊಟ್ಟ ಡಿಸ್ಕಿನಲ್ಲಿ ಇದು 21,000 ದಾಟಿತ್ತು. ಹಗಲುರಾತ್ರಿ ಓಡಿದರೂ 875 ದಿನ. ಹಾಳೆ ಮುದ್ರಿಸಿ ತೋರಿಸಿದೆ. ಮಾತಿಲ್ಲದೆ ಹಣ ಮರಳಿ ಕೊಟ್ಟರು.

199ರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ಜನ ಸುಮ್ಮನೆ ಡಿಸ್ಕ್ ಎಸೆಯುತ್ತಾರೆ. ಅದು ಡಿಸ್ಕಿನಿಂದ ಬೋರ್ಡಿಗೆ ಹೋಗುವ ದಾರಿಯಲ್ಲಿ ಕೆಟ್ಟ ಮಾಹಿತಿಯ ಲೆಕ್ಕ. ದೋಷ ಹೆಚ್ಚಾಗಿ ನಡುವಿನ ಸಾಟಾ ಕೇಬಲ್ಲಿನದು. ನಮ್ಮ ಪಕ್ಕದ ಮನೆಯ ಕಾಕಾ ಅವರ ಯಂತ್ರದಲ್ಲಿ ಉಳಿದೆಲ್ಲ ಸೊನ್ನೆ, 199 ಮಾತ್ರ ನಾಲ್ಕಂಕಿಯಲ್ಲಿತ್ತು. ಡಿಸ್ಕ್ ಬದಲಿಸಿ ಎಂದು ಅವರಿಗೆ ಯಾರೋ ಹೇಳಿದ್ದರು. ನನ್ನ ಹಳೆಯ ಡಬ್ಬಿಯಲ್ಲಿದ್ದ ಕೇಬಲ್ ಹಾಕಿದೆ, ನಿಲ್ಲುವುದು ನಿಂತಿತು. ಕೇಬಲ್ ಬದಲಿಸಿದರೂ ಆ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ. ಅದು ಹಳೆಯ ಪಾಪದ ಪಟ್ಟಿ. ಮುಂದೆ ಏರುತ್ತದೆಯೇ ಎಂದಷ್ಟೇ ನೋಡಬೇಕು.

ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗಳಲ್ಲಿ ಈ ಕ್ರಮಸಂಖ್ಯೆಗಳು ಇರುವುದಿಲ್ಲ. ಅಲ್ಲಿ ‘ಪರ್ಸೆಂಟೇಜ್ ಯೂಸ್ಡ್’ ಮತ್ತು ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸಾಲು ನೋಡಿ. ಎರಡನೆಯದು ಸೊನ್ನೆ ಇರಬೇಕು.

“ನೆಟ್ ಬರುತ್ತಿಲ್ಲ, ಬಂದರೂ ವೇಗವಿಲ್ಲ”

ಲ್ಯಾಪ್‌ಟಾಪಿನಲ್ಲಿ ವೈಫೈ ಇದ್ದಕ್ಕಿದ್ದಂತೆ ಮಾಯವಾದರೆ ಲಿನಕ್ಸಿನಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಡಿ. ‘ಹಾರ್ಡ್ ಬ್ಲಾಕ್ಡ್’ ಎದುರು ‘ಯೆಸ್’ ಇದ್ದರೆ ಯಾರೋ ಪಕ್ಕದ ಗುಂಡಿಯನ್ನೋ ಮೇಲಿನ ಕೀಲಿಯನ್ನೋ ಒತ್ತಿದ್ದಾರೆ. ಮನೆಯಲ್ಲಿ ಮಕ್ಕಳಿದ್ದರೆ ಮುಂದೆ ಹುಡುಕುವುದೇ ಬೇಡ. ‘ಸಾಫ್ಟ್ ಬ್ಲಾಕ್ಡ್’ ಮಾತ್ರ ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’. ಎರಡೂ ‘ನೋ’ ಎಂದಾದರೆ ‘ಎಲ್‌ಎಸ್‌ಪಿಸಿಐ -ಕೆ’. ಕಾರ್ಡಿನ ಹೆಸರು ಇದ್ದು ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು ಇಲ್ಲದಿದ್ದರೆ ಕಾರ್ಡ್ ಬದುಕಿದೆ, ಅದನ್ನು ಓಡಿಸುವ ತಂತ್ರಾಂಶವಾದ ಡ್ರೈವರ್ ಇಲ್ಲ. ಹೆಸರೇ ಇಲ್ಲದಿದ್ದರೆ ಕಾರ್ಡ್ ಸಡಿಲವಾಗಿರಬಹುದು, ಸತ್ತಿರಬಹುದು. ಯುಎಸ್‌ಬಿಯಲ್ಲಿ ಚುಚ್ಚುವ ಡಾಂಗಲ್ ಆದರೆ ‘ಎಲ್‌ಎಸ್‌ಯುಎಸ್‌ಬಿ’.

ತಂತಿಯ ನೆಟ್ಟಿಗೆ ನೂರಕ್ಕಿಂತ ಹೆಚ್ಚಿನ ವೇಗದ ಪ್ಲಾನ್ ಹಾಕಿಸಿ, ತೊಂಬತ್ತರಾಚೆ ಏರುತ್ತಿಲ್ಲ ಎಂದಾದರೆ ಪವರ್‌ಶೆಲ್‌ನಲ್ಲಿ ‘ಗೆಟ್-ನೆಟ್‌ಅಡಾಪ್ಟರ್’ ಕೊಟ್ಟು ‘ಲಿಂಕ್‌ಸ್ಪೀಡ್’ ನೋಡಿ. ನೂರು ಎಂಬಿಪಿಎಸ್ ಎಂದಿದ್ದರೆ ಕೇಬಲ್ ಪರೀಕ್ಷಿಸಿ. ಒಂದು ಜಿಬಿಪಿಎಸ್‌ಗೆ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, ನೂರಕ್ಕೆ ಎರಡು ಜೋಡಿ ಸಾಕು. ನೂರಕ್ಕೆ ಬೇಡದ ಜೋಡಿಯೊಂದು ತುಂಡಾದರೆ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ ನೂರಕ್ಕೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದ್ದು ಅಟ್ಟದ ಇಲಿ. ಕೇಬಲ್ ಹೊಸದಾದರೂ ನೂರೇ ತೋರಿಸಿದರೆ ಯಂತ್ರದ ಕಾರ್ಡಿನದೋ ರೂಟರಿನದೋ ಮಿತಿಯೇ ಅಷ್ಟಿರುತ್ತದೆ.

“ವಿಂಡೋಸ್ 11 ಹತ್ತುವುದಿಲ್ಲ ಎನ್ನುತ್ತದೆ”

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಈ ದೂರು ಹೆಚ್ಚಾಯಿತು. ವಿಂಡೋಸ್ 11ಕ್ಕೆ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು. ‘ಟಿಪಿಎಂಟೂಲ್ ಗೆಟ್‌ಡಿವೈಸ್‌ಇನ್ಫರ್ಮೇಶನ್’ ಕೊಡಿ. ‘ಟಿಪಿಎಂ ವರ್ಷನ್’ ಎದುರು 2.0 ಇರಬೇಕು. ‘ಟಿಪಿಎಂ ಪ್ರೆಸೆಂಟ್’ ಎದುರು ‘ಫಾಲ್ಸ್’ ಎಂದು ಬಂದರೂ ಆಸೆ ಬಿಡಬೇಡಿ. ಹಲವು ಬೋರ್ಡುಗಳಲ್ಲಿ ಅದು ಬಯಾಸಿನಲ್ಲಿ ಆರಿಸಿಟ್ಟಿರುತ್ತದೆ. ಆದರೆ ಇಂಟೆಲ್ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಆದರೆ ಟಿಪಿಎಂ ಇದ್ದೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಮನೆಯವರಿಗೆ ಬೇಕಾಗುವುದು ಬ್ರೌಸರ್ ಒಂದೇ ಆಗಿರುತ್ತದೆ.

“ಪೆನ್‌ಡ್ರೈವ್ ಒಂದು ಟಿಬಿ ಎಂದಿದೆ, ಹಾಕಿದ ಫೋಟೋ ತೆರೆಯುವುದಿಲ್ಲ”

ಕಮಾಂಡನ್ನು ನಂಬಬಾರದ ಜಾಗ ಇದು. ‘ಎಲ್‌ಎಸ್‌ಬಿಎಲ್‌ಕೆ’ಯೂ ಒಂದು ಟಿಬಿ ಎಂದೇ ಹೇಳುತ್ತದೆ, ಏಕೆಂದರೆ ಒಳಗಿನ ಚಿಪ್ಪಿಗೇ ಸುಳ್ಳು ಕಲಿಸಿರುತ್ತಾರೆ. ಇರುವುದು ಹದಿನಾರೋ ಮೂವತ್ತೆರಡೋ ಜಿಬಿ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬರೆದುಕೊಳ್ಳುತ್ತದೆ. ಪೂರ್ತಿ ತುಂಬಿಸಿ ಮರಳಿ ಓದಿ ನೋಡುವುದೊಂದೇ ದಾರಿ. ಲಿನಕ್ಸಿನಲ್ಲಿ ‘ಎಫ್3’ ಎಂಬ ಉಪಕರಣದ ‘ಎಫ್3ರೈಟ್’, ‘ಎಫ್3ರೀಡ್’ ಇದನ್ನೇ ಮಾಡುತ್ತವೆ. ಇವು ಡ್ರೈವಿಗೆ ಬರೆಯುವಂಥವು. ಒಳಗಿನದನ್ನು ಮೊದಲು ಬೇರೆಡೆ ತೆಗೆದಿಡಿ, ರಾತ್ರಿಯಿಡೀ ಬಿಡಿ.

“ಲ್ಯಾಪ್‌ಟಾಪ್ ಬ್ಯಾಟರಿ ಅರ್ಧ ಗಂಟೆಯೂ ಬರುವುದಿಲ್ಲ”

ವಿಂಡೋಸಿನಲ್ಲಿ ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಕೊಟ್ಟರೆ ಒಂದು ಪುಟ ತಯಾರಾಗುತ್ತದೆ, ಎಲ್ಲಿದೆ ಎಂದು ಅದೇ ಹೇಳುತ್ತದೆ. ‘ಡಿಸೈನ್ ಕೆಪಾಸಿಟಿ’ ಹುಟ್ಟಿನ ಶಕ್ತಿ, ‘ಫುಲ್ ಚಾರ್ಜ್ ಕೆಪಾಸಿಟಿ’ ಈಗಿನ ಶಕ್ತಿ. ಅರ್ಧಕ್ಕೆ ಇಳಿದಿದ್ದರೆ ಬದಲಿಸುವ ಕಾಲ. ಲಿನಕ್ಸಿನಲ್ಲಿ ‘ಯುಪವರ್ -ಡಿ’. ಬ್ಯಾಟರಿ ಉಬ್ಬಿ ಕೀಲಿಮಣೆಯೋ ಟಚ್‌ಪ್ಯಾಡೋ ಮೇಲೆದ್ದಿದ್ದರೆ ಕಮಾಂಡ್ ಬೇಕಿಲ್ಲ. ಚಾರ್ಜರ್ ಕಿತ್ತು, ಆರಿಸಿ, ಒತ್ತದೆ, ಚುಚ್ಚದೆ ಸೀದಾ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಅದು ಬೆಂಕಿ ಹಿಡಿಯಬಲ್ಲದು.

“ಪ್ರತಿ ಸಲ ಹಳೆಯ ತಾರೀಖು, ಜಾಲತಾಣಗಳು ಸುರಕ್ಷಿತವಲ್ಲ ಎನ್ನುತ್ತವೆ”

ರಾತ್ರಿ ಗೋಡೆಯ ಸ್ವಿಚ್ ಆರಿಸಿ ಬೆಳಿಗ್ಗೆ ಹಾಕಿದಾಗ ಹೀಗಾದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ. ‘ಸುಡೋ ಎಚ್‌ಡಬ್ಲ್ಯುಕ್ಲಾಕ್ --ಶೋ’ ಕೊಟ್ಟರೆ ಯಂತ್ರದ ಒಳಗಡಿಯಾರ ತೋರಿಸುತ್ತದೆ. ಮೂರು ವೋಲ್ಟಿನ ಸೆಲ್, ಅಗ್ಗ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಹಳೆಯ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಬಿಸಾಡಿ. ನುಂಗಿದರೆ ಅನ್ನನಾಳ ಸುಡುತ್ತದೆ, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

“ತಾನಾಗಿಯೇ ಆರಿಹೋಗುತ್ತದೆ, ಮುಟ್ಟಿದರೆ ಜುಮ್ ಎನ್ನುತ್ತದೆ”

ಲಿನಕ್ಸಿನಲ್ಲಿ ‘ಜರ್ನಲ್‌ಸಿಟಿಎಲ್ -ಬಿ -1 -ಇ’ ಹಿಂದಿನ ಸಲದ ಕೊನೆಯ ಸಾಲುಗಳನ್ನು ತೋರಿಸುತ್ತದೆ. ಕ್ರಮವಾಗಿ ಬಾಗಿಲು ಹಾಕಿದ ಸಾಲುಗಳಿದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ಯಾರದೋ ಕೈ ಆರಿಸಿದೆ. ಮಾತಿನ ನಡುವೆ ಕರೆ ಕಡಿದಂತೆ ನಿಂತಿದ್ದರೆ ವಿದ್ಯುತ್ ಹೋಗಿದೆ, ಇಲ್ಲವೇ ವಿಪರೀತ ಬಿಸಿಯಾಗಿದೆ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ‘ಕರ್ನಲ್-ಪವರ್ 41’ ಕಂಡು, ಯಂತ್ರಕ್ಕೆ ವಿದ್ಯುತ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್ ಹೋಗಿದೆ ಎಂದು ತೀರ್ಪು ಕೊಡುವವರಿದ್ದಾರೆ. ಅದು ಹೇಳುವುದು ಯಂತ್ರ ಸರಿಯಾಗಿ ಮುಚ್ಚಲಿಲ್ಲ ಎಂದಷ್ಟೇ, ಏಕೆ ಎಂದಲ್ಲ.

ಮನೆಯ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ಎಷ್ಟು ವಾಟಿನದು, ಆರೋಗ್ಯವಾಗಿದೆಯೇ ಎಂದು ತಿಳಿಸುವ ಕಮಾಂಡ್ ಸಾಮಾನ್ಯವಾಗಿ ಇಲ್ಲ. ಯಂತ್ರ ಬಾಯಿ ಬಿಡದ ಜಾಗ ಇದೇ. ಮೊದಲು ಗೋಡೆಯ ಪ್ಲಗ್ಗು ಸಡಿಲವೇ ನೋಡಿ, ಬೇರೆ ತಂತಿ ಹಾಕಿ, ಯುಪಿಎಸ್ ಬಿಟ್ಟು ನೇರ ಗೋಡೆಗೆ ಕೊಟ್ಟು ನೋಡಿ. ಹಳೆಯ ಯುಪಿಎಸ್ ಬ್ಯಾಟರಿಯೇ ಕಳ್ಳನಾಗಿರುತ್ತದೆ. ಆಮೇಲೂ ಆರಿದರೆ ಇನ್ನೊಂದು ಎಸ್‌ಎಂಪಿಎಸ್ ಹಾಕಿಸಿ ನೋಡುವುದು ಅಂಗಡಿಯ ಕೆಲಸ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ತಂತಿ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಸುಟ್ಟ ವಾಸನೆ, ಹೊಗೆ, ಕಿಡಿ ಕಂಡರೆ ಮುಖ್ಯ ಸ್ವಿಚ್ ಆರಿಸಿ.

ಪೆಟ್ಟಿಗೆ ಮುಟ್ಟಿದಾಗ ಜುಮ್ ಎನ್ನುವುದು ಹಲವು ಬಾರಿ ಕಂಪ್ಯೂಟರಿನ ದೋಷವೇ ಅಲ್ಲ. ಹಳೆಯ ಮನೆಗಳಲ್ಲಿ ಮೂರನೆಯ ತೂತಿಗೆ ತಂತಿಯೇ ಬಂದಿರುವುದಿಲ್ಲ, ಅಥವಾ ಎರಡು ತೂತಿನ ಬೋರ್ಡಿಗೆಂದು ಪ್ಲಗ್ಗಿನ ದಪ್ಪ ಕಾಲನ್ನೇ ಯಾರೋ ಮುರಿದಿರುತ್ತಾರೆ. ಎಸ್‌ಎಂಪಿಎಸ್ಸಿನ ಫಿಲ್ಟರಿನಿಂದ ಸಣ್ಣ ಪ್ರಮಾಣದ ವಿದ್ಯುತ್ ಭೂಮಿಗೆ ಇಳಿಯಬೇಕು. ದಾರಿ ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಕಂಪ್ಯೂಟರಿನವರನ್ನು ಬಿಟ್ಟು ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಅರ್ಥಿಂಗ್ ನೋಡಿಸಿ. ಅಲ್ಲಿಯವರೆಗೆ ಯಂತ್ರ ಹಾಕಬೇಡಿ.

ಅಂಗಡಿಗೆ ಒಯ್ಯುವಾಗ

ವಿಂಡೋಸಿನಲ್ಲಿ ‘ಸಿಸ್ಟಮ್‌ಇನ್ಫೋ > ಪಿಸಿ.ಟಿಎಕ್ಸ್‌ಟಿ’ ಎಂದು ಕೊಟ್ಟರೆ ಉತ್ತರ ಪರದೆಗೆ ಬಾರದೆ ಫೈಲಿನಲ್ಲಿ ಕುಳಿತುಕೊಳ್ಳುತ್ತದೆ. ಲಿನಕ್ಸಿನಲ್ಲಿ ‘ಸುಡೋ ಎಲ್‌ಎಸ್‌ಎಚ್‌ಡಬ್ಲ್ಯು -ಶಾರ್ಟ್ > ಪಿಸಿ.ಟಿಎಕ್ಸ್‌ಟಿ’. ಯಂತ್ರ ಸರಿಯಿರುವ ದಿನವೇ ಇದನ್ನು ಮಾಡಿ ಫೋನಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಕೆಟ್ಟ ದಿನ ಯಂತ್ರವೇ ಏಳದಿದ್ದರೆ ಕೇಳುವುದು ಯಾರನ್ನು?

ಅಂಗಡಿಯಲ್ಲಿ “ನಿಧಾನವಾಗಿದೆ, ನೋಡಿ” ಎನ್ನುವ ಬದಲು “197ರಲ್ಲಿ ಹನ್ನೆರಡು ಬಂದಿದೆ, ಡಿಸ್ಕ್ ಬದಲಿಸಿ” ಎಂದು ಹೇಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಅದರಲ್ಲೂ ಡಿಸ್ಕನ್ನು. ಅದರೊಳಗೆ ನಿಮ್ಮ ಮನೆಯ ಕಾಗದಪತ್ರಗಳಿರುತ್ತವೆ. ಹಣ ಕೊಡುವ ಮುನ್ನ ಅಲ್ಲೇ, ಅವರ ಮೇಜಿನ ಮೇಲೆಯೇ, ಅದೇ ಕಮಾಂಡನ್ನು ಇನ್ನೊಮ್ಮೆ ಕೊಡಿಸಿ ಹಳೆಯ ಪ್ರತಿಯ ಪಕ್ಕದಲ್ಲಿಟ್ಟು ನೋಡಿ. ಹೊಸ ಡಿಸ್ಕಿನ 9ನೆಯ ಸಾಲನ್ನು ಓದಲು ಮರೆಯಬೇಡಿ.